ಬದುಕಿನ ರಹದಾರಿ

ಒಂದು ದೇಶದ ಪ್ರಜೆ ಮತ್ತೊಂದು ದೇಶವನ್ನು ಪ್ರವೇಶಿಸಬೇಕಾದರೆ ಸಾಮಾನ್ಯವಾಗಿ ಎರಡು ಪತ್ರಗಳು ಬೇಕಾಗುತ್ತವೆ. ಮೊದಲನೆಯದು ಅವನ ಸ್ವದೇಶದ ಸರ್ಕಾರ ಕೊಡುವ ಪಾಸ್‌ಪೋರ್ಟ್. ಅದು ಅವನು ಆ ದೇಶದ ಪ್ರಜೆ ಎಂಬುದಕ್ಕೆ ಸಾಕ್ಷಿ. ಎರಡನೆಯದು ಅವನು ಹೋಗಬೇಕೆಂದಿರುವ ದೇಶ ಕೊಡುವ ವೀಸಾ. ಅದು ತನ್ನ ಗಡಿಯೊಳಗೆ ಬರಲು ಆ ದೇಶ ನೀಡುವ ಒಪ್ಪಿಗೆ. ಒಂದು ದೇಶದ ಮೂಲಕ ಹಾದು ಇನ್ನೊಂದು ದೇಶಕ್ಕೆ ಹೋಗುವವರಿಗೆ ಕೆಲವೇ ದಿನಗಳ ಅವಧಿಯ ಹಾದುಹೋಗುವ ವೀಸಾವನ್ನು ಕೊಡುವ ಪದ್ಧತಿಯೂ ಉಂಟು. ವಿದೇಶದ ರಾಯಭಾರ ಕಚೇರಿಗೋ ಕಾನ್ಸಲ್ ಕಚೇರಿಗೋ ಹೋಗಿ, ಅರ್ಜಿ ಬರೆದು, ಶುಲ್ಕ ತೆತ್ತು, ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರ ಹೇಳಿ ಇದನ್ನು ಪಡೆಯುವುದು ವಾಡಿಕೆ. ಶಾಂತಿಯ ಕಾಲದಲ್ಲಿ ಇದು ದಿನನಿತ್ಯದ ವ್ಯವಹಾರ. ಆದರೆ ಯುದ್ಧದ ಕಾಲದಲ್ಲಿ ಪಾಸ್‌ಪೋರ್ಟಿನ ಒಂದು ಪುಟದ ಮೇಲಿನ ನಾಲ್ಕು ಸಾಲಿನ ಬರಹ ಇಡೀ ಸಂಸಾರವೊಂದರ ಅಳಿವು ಉಳಿವುಗಳನ್ನು ನಿರ್ಧರಿಸಿದ ಸಂದರ್ಭಗಳುಂಟು. 1940ನೆಯ ಇಸವಿಯ ಬೇಸಿಗೆಯಲ್ಲಿ ಲಿಥುವೇನಿಯ ದೇಶದ ಕೌನಾಸ್ ನಗರದಲ್ಲಿ ಅಂತಹ ಬರಹವನ್ನು ಸಾವಿರಾರು ಸಲ ಬರೆದು ಸಾವಿರಾರು ಜೀವಗಳನ್ನು ಉಳಿಸಿದ ಜಪಾನಿ ಅಧಿಕಾರಿ ಚಿಯುನೆ ಸುಗಿಹಾರಾ.

ಸುಗಿಹಾರಾ ಅವರು 1900ನೆಯ ಇಸವಿ ಜನವರಿ 1ರಂದು ಜಪಾನಿನ ಗಿಫು ಪ್ರಾಂತದಲ್ಲಿ ಜನಿಸಿದರು. ತಂದೆ ತೆರಿಗೆ ಇಲಾಖೆಯಲ್ಲಿ ನೌಕರರು. ಮಗನು ವೈದ್ಯನಾಗಬೇಕೆಂಬುದು ಅವರ ಹಂಬಲ. ಮಗನಿಗಾದರೋ ಭಾಷೆಗಳ ಕಡೆ ಒಲವು. ತಂದೆಯ ಒತ್ತಾಯಕ್ಕೆ ಮಣಿದು ವೈದ್ಯಕೀಯ ಶಾಲೆಯ ಪ್ರವೇಶ ಪರೀಕ್ಷೆಗೆ ಕುಳಿತರೂ, ಉತ್ತರ ಪತ್ರಿಕೆಯಲ್ಲಿ ತಮ್ಮ ಹೆಸರನ್ನಷ್ಟೇ ಬರೆದು ಎದ್ದುಬಂದರೆಂದು ಹೇಳುತ್ತಾರೆ. 1918ರಲ್ಲಿ ಅವರು ಟೋಕಿಯೋದ ವಾಸೆಡಾ ವಿಶ್ವವಿದ್ಯಾನಿಲಯವನ್ನು ಸೇರಿ ಇಂಗ್ಲಿಷ್ ಭಾಷೆಯ ಅಭ್ಯಾಸಕ್ಕೆ ತೊಡಗಿದರು. ಮನೆಯಿಂದ ನೆರವು ದೊರೆಯದಿದ್ದುದರಿಂದ ಓದಿನ ಜೊತೆಗೆ ಚಿಕ್ಕಪುಟ್ಟ ಕೆಲಸಗಳನ್ನು ಮಾಡಿ ಹೊಟ್ಟೆ ಹೊರೆದುಕೊಳ್ಳಬೇಕಾಯಿತು.

ಆ ದಿನಗಳಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಹೊರನಾಡುಗಳಲ್ಲಿ ಭಾಷೆ ಕಲಿಯಲು ತರುಣರಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. 1919ರಲ್ಲಿ ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುಗಿಹಾರಾ ಅವರನ್ನು ಇಲಾಖೆ ಮಂಚೂರಿಯದ ಹಾರ್ಬಿನ್ ನಗರಕ್ಕೆ ಕಳುಹಿಸಿತು. ಆಗ ಹಾರ್ಬಿನ್‌ನಲ್ಲಿ ರಷ್ಯನ್ನರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದರು. ಅವರ ನಡುವೆ ಬಾಳಿ ಸುಗಿಹಾರಾ ಅವರು ರಷ್ಯನ್ ಭಾಷೆಯನ್ನು ಕರತಲಾಮಲಕ ಮಾಡಿಕೊಂಡರು. 1931ರಲ್ಲಿ ಜಪಾನಿನ ಸೈನ್ಯ ಮಂಚೂರಿಯವನ್ನು ಆಕ್ರಮಿಸಿ ಮರುವರ್ಷ ಅಲ್ಲಿ ತನ್ನ ಕೈಗೊಂಬೆಯಾದ ಸರ್ಕಾರವೊಂದನ್ನು ಸ್ಥಾಪಿಸಿತು. ಆ ಸರ್ಕಾರದ ವಿದೇಶಾಂಗ ಕಚೇರಿಯಲ್ಲಿ ಸುಗಿಹಾರಾ ಅವರಿಗೆ ಉನ್ನತ ಹುದ್ದೆ ದೊರೆಯಿತು. ಉತ್ತರ ಮಂಚೂರಿಯದ ರೈಲುಮಾರ್ಗವನ್ನು ಸೋವಿಯತ್ ಒಕ್ಕೂಟದಿಂದ ಕೊಳ್ಳುವ ಮಾತುಕತೆಯಲ್ಲಿ ಅವರು ತೋರಿದ ಜಾಣ್ಮೆ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಆದರೆ ಅಲ್ಲಿಯ ಚೀನೀ ಜನರನ್ನು ಜಪಾನಿನ ಸೈನ್ಯ ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ಅವರ ಮನಸ್ಸು ನೊಂದಿತು. ಅವರು ಹುದ್ದೆಯನ್ನು ತ್ಯಜಿಸಿ ಟೋಕಿಯೋಗೆ ಮರಳಿದರು. ಯುಕಿಕೊ ಎಂಬ ಸುಶಿಕ್ಷಿತ ತರುಣಿಯನ್ನು ವಿವಾಹವಾದರು.

ಅನಂತರ ಇಲಾಖೆ ಅವರನ್ನು ಮಾಸ್ಕೋದ ರಾಯಭಾರ ಕಚೇರಿಗೆ ನೇಮಿಸಿತು. ಆದರೆ ರೈಲುಮಾರ್ಗದ ವ್ಯವಹಾರದಲ್ಲಿ ಅವರ ಚಾತುರ್ಯವನ್ನು ಕಂಡಿದ್ದ ಸೋವಿಯತ್ ಸರ್ಕಾರ ಅವರಿಗೆ ಪ್ರವೇಶದ ವೀಸಾವನ್ನೇ ಕೊಡಲಿಲ್ಲ. ಮುಂದೆ ಸಾವಿರಾರು ಜನರಿಗೆ ವೀಸಾ ಬರೆದುಕೊಟ್ಟ ವ್ಯಕ್ತಿಗೆ ಹೀಗೆ ವೀಸಾದ ನಿರಾಕರಣೆ ಎಂದರೇನೆಂಬುದು ಸ್ವಾನುಭವದಿಂದಲೇ ತಿಳಿದಿತ್ತು. 1937ರಲ್ಲಿ ಅವರು ಮಾಸ್ಕೋಗೆ ಬದಲಾಗಿ ಫಿನ್ಲೆಂಡಿನ ಹೆಲ್ಸಿಂಕಿಗೆ ಹೋದರು. 1939ರ ಶರತ್ಕಾಲದಲ್ಲಿ ಲಿಥುವೇನಿಯದ ಅಂದಿನ ರಾಜಧಾನಿಯಾದ ಕೌನಾಸ್‌ನಲ್ಲಿ ಉಪಕಾನ್ಸಲ್ ಆಗಿ ಅಧಿಕಾರ ವಹಿಸಿಕೊಂಡರು. ಆ ಊರಿನಲ್ಲಿ ಜಪಾನೀಯರು ಇರಲಿಲ್ಲವೆಂದೇ ಹೇಳಬೇಕು. ಅಲ್ಲಿ ಕಚೇರಿ ತೆರೆದುದರ ಉದ್ದೇಶ ಬೇರೆಯೇ ಇತ್ತು. ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳ ಸೈನ್ಯಗಳ ಚಲನವಲನಗಳನ್ನು ಗಮನಿಸಿ ಟೋಕಿಯೋಗೆ ತಿಳಿಸುವುದು ಅವರ ಮುಖ್ಯ ಕರ್ತವ್ಯವಾಗಿತ್ತು. ನಗರದ ಒಂದು ಶಾಂತವಾದ ಬೀದಿಯ ಮನೆಯೊಂದರಲ್ಲಿಯೇ ಅವರ ಕಚೇರಿಯೂ ಸಂಸಾರವೂ ನೆಲೆಗೊಂಡವು.

ಅಷ್ಟರಲ್ಲಿ ಯುರೋಪಿನಲ್ಲಿ ಎರಡನೆಯ ಮಹಾಯುದ್ಧದ ಜ್ವಾಲೆ ಎದ್ದಿತ್ತು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದಲೂ, 17ರಂದು ಸೋವಿಯತ್ ಒಕ್ಕೂಟ ಪೂರ್ವದಿಂದಲೂ ಪೋಲೆಂಡಿನ ಮೇಲೆ ಎರಗಿದವು. ಹಿಟ್ಲರನ ಆಡಳಿತದಲ್ಲಿ ಯೆಹೂದ್ಯರಿಗೆ ಉಳಿಗಾಲವಿಲ್ಲವೆಂಬುದು ಆ ವೇಳೆಗೆ ಸ್ಪಷ್ಟವಾಗಿತ್ತು. ಪೋಲೆಂಡಿನ ಸಾವಿರಾರು ಯೆಹೂದ್ಯರು ಮನೆಮಠಗಳನ್ನು ತೊರೆದು, ಯುದ್ಧಕ್ಕೆ ಇನ್ನೂ ಸಿಲುಕದಿದ್ದ ನೆರೆಯ ಲಿಥುವೇನಿಯಕ್ಕೆ ಓಡಿಬಂದರು. ಮೀರ್ ಎಂಬ ಊರಿನ ಪ್ರಸಿದ್ಧ ಧರ್ಮಶಾಲೆಯ ಗುರುಶಿಷ್ಯರು ಒಟ್ಟಾಗಿಯೇ ಬಂದು ಅಲ್ಲಿ ಆಶ್ರಯ ಪಡೆದರು. ಆದರೆ ಆ ನೆರಳೂ ಬಹುಕಾಲ ಉಳಿಯಲಿಲ್ಲ. 1940ರ ಜೂನ್ ತಿಂಗಳಲ್ಲಿ ಸೋವಿಯತ್ ಸೈನ್ಯ ಲಿಥುವೇನಿಯವನ್ನು ವಶಪಡಿಸಿಕೊಂಡಿತು. ಕೌನಾಸ್‌ನಲ್ಲಿದ್ದ ವಿದೇಶೀ ಕಚೇರಿಗಳೆಲ್ಲವೂ ಆಗಸ್ಟ್ ತಿಂಗಳೊಳಗೆ ಬಾಗಿಲು ಮುಚ್ಚಬೇಕೆಂಬ ಆಜ್ಞೆ ಹೊರಟಿತು.

ನಿರಾಶ್ರಿತರ ಪಾಲಿಗೆ ಪಶ್ಚಿಮದ ದಾರಿಗಳೆಲ್ಲ ಮುಚ್ಚಿದ್ದವು. ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ಜರ್ಮನಿಗೆ ಸೋತಿದ್ದವು. ಉಳಿದಿದ್ದುದು ಪೂರ್ವದ ದಾರಿಯೊಂದೇ. ಮಾಸ್ಕೋದಿಂದ ಸೈಬೀರಿಯವನ್ನು ಹಾದು ಸುಮಾರು 9,300 ಕಿಲೋಮೀಟರ್ ದೂರದ ವ್ಲಾಡಿವಾಸ್ತಕ್ ರೇವಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗಿನಲ್ಲಿ ಜಪಾನನ್ನು ಮುಟ್ಟಿ, ಮುಂದೆ ಬೇರೆ ಯಾವುದಾದರೂ ದೇಶವನ್ನು ಸೇರಬೇಕಿತ್ತು. ಈ ದಾರಿಗೆ ಪತ್ರಗಳ ಸರಪಳಿಯೇ ಬೇಕಾಗಿತ್ತು. ಜಪಾನಿನ ಮೂಲಕ ಹಾದುಹೋಗುವ ವೀಸಾ ಇಲ್ಲದವರನ್ನು ಸೋವಿಯತ್ ಅಧಿಕಾರಿಗಳು ರೈಲು ಹತ್ತಲು ಬಿಡುತ್ತಿರಲಿಲ್ಲ. ಕೊನೆಗೆ ಸೇರುವ ದೇಶದ ಒಪ್ಪಿಗೆ ಇಲ್ಲದವರಿಗೆ ಜಪಾನ್ ಹಾದುಹೋಗುವ ವೀಸಾ ಕೊಡುತ್ತಿರಲಿಲ್ಲ. ಕೊನೆಗೆ ಸೇರುವ ದೇಶವೇ ಆ ನತದೃಷ್ಟರಿಗೆ ಇರಲಿಲ್ಲ.

ಈ ತೊಡಕನ್ನು ಬಿಡಿಸಿದವರು ಹಾಲೆಂಡಿನ ಯಾನ್ ಜ್ವಾರ್ಟೆಂಡೈಕ್. ಅವರು ರೇಡಿಯೋ ಮಾರುವ ಫಿಲಿಪ್ಸ್ ಕಂಪೆನಿಯ ಪ್ರತಿನಿಧಿ; ಆ ಜೂನ್‌ನಲ್ಲಷ್ಟೇ ಕೌನಾಸ್‌ನಲ್ಲಿ ತಮ್ಮ ದೇಶದ ಹಂಗಾಮಿ ಕಾನ್ಸಲ್ ಆಗಿದ್ದರು. ಕೆರಿಬಿಯನ್ ಸಮುದ್ರದಲ್ಲಿ ಹಾಲೆಂಡಿಗೆ ಸೇರಿದ ಕ್ಯುರಸಾವ್ ಎಂಬ ದ್ವೀಪವಿದೆ. ಅಲ್ಲಿಗೆ ಹೋಗಲು ವೀಸಾ ಬೇಕಿರಲಿಲ್ಲ; ಆದರೆ ದ್ವೀಪದ ಗವರ್ನರನ ಅಪ್ಪಣೆಯಿಲ್ಲದೆ ಕಾಲಿಡುವಂತಿರಲಿಲ್ಲ. ಜ್ವಾರ್ಟೆಂಡೈಕ್ ಅವರು ಈ ನಿಯಮದ ಮೊದಲರ್ಧವನ್ನು ಮಾತ್ರ ನಿರಾಶ್ರಿತರ ಪತ್ರಗಳ ಮೇಲೆ ಬರೆದು ಸಹಿ ಮಾಡಿಕೊಟ್ಟರು, ಉಳಿದರ್ಧವನ್ನು ಬರೆಯಲಿಲ್ಲ. ಕೆಲವೇ ದಿನಗಳಲ್ಲಿ ಅವರು ಇಂತಹ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಬರೆದರು. ಸರಪಳಿಯ ಕೊನೆಯ ಕೊಂಡಿ ಹೀಗೆ ಸಿಕ್ಕಿತು. ನಡುವಣ ಕೊಂಡಿಯನ್ನು ಬೆಸೆಯುವ ಹೊಣೆ ಸುಗಿಹಾರಾ ಅವರ ಮೇಲೆ ಬಿದ್ದಿತು.

ಜುಲೈ ತಿಂಗಳ ಒಂದು ಮುಂಜಾನೆ ಸುಗಿಹಾರಾ ಅವರು ಕಿಟಕಿಯಿಂದ ನೋಡಿದಾಗ ಕಚೇರಿಯ ಬೇಲಿಯ ಹೊರಗೆ ಜನಸಮೂಹವೇ ನೆರೆದಿತ್ತು. ಗಂಡಸರು, ಹೆಂಗಸರು, ವೃದ್ಧರು, ತಾಯಂದಿರ ಕೈಹಿಡಿದ ಮಕ್ಕಳು. ಎಲ್ಲರ ಮುಖದಲ್ಲಿಯೂ ದಣಿವು, ಕಳವಳ. ರಾತ್ರಿಯಾದರೂ ಅವರು ಅಲ್ಲಿಂದ ಕದಲಲಿಲ್ಲ. ಗುಂಪಿನ ಪರವಾಗಿ ಮಾತನಾಡಲು ಐವರು ಪ್ರತಿನಿಧಿಗಳನ್ನು ಒಳಗೆ ಕರೆಸಲಾಯಿತು. ಮುಂದೆ ಇಸ್ರೇಲ್ ದೇಶದ ಸಚಿವರಾದ ಜೆರಾಹ್ ವಾರ್ಹಾಫ್ಟಿಗ್ ಅವರಲ್ಲಿ ಒಬ್ಬರು. ಅವರು ತಮ್ಮ ಜನರ ಸಂಕಟವನ್ನು ವಿವರಿಸಿ, ಜಪಾನಿನ ಮೂಲಕ ಹಾದುಹೋಗಲು ವೀಸಾ ನೀಡಬೇಕೆಂದು ಬೇಡಿಕೊಂಡರು. ಕೆಲವರಿಗಾದರೆ ತಮ್ಮ ಅಧಿಕಾರದಿಂದಲೇ ಕೊಡಬಹುದೆಂದೂ, ನೂರಾರು ಜನರಿಗೆ ಕೊಡಬೇಕಾದರೆ ಟೋಕಿಯೋದ ಅನುಮತಿ ಅವಶ್ಯಕವೆಂದೂ ಸುಗಿಹಾರಾ ತಿಳಿಸಿದರು.

ಅವರು ಟೋಕಿಯೋಗೆ ತಂತಿ ಕಳುಹಿಸಿದರು. ಕೊನೆಗೆ ಸೇರುವ ದೇಶದ ಒಪ್ಪಿಗೆ, ಪ್ರಯಾಣಕ್ಕೂ ವಾಸಕ್ಕೂ ಸಾಕಷ್ಟು ಹಣ, ಇವೆರಡೂ ಇಲ್ಲದವರಿಗೆ ವೀಸಾ ಕೊಡಕೂಡದೆಂಬ ಉತ್ತರ ಬಂದಿತು. ಎರಡನೆಯ ಬಾರಿ ತಂತಿ ಕಳುಹಿಸಿದರು. ಮೂರನೆಯ ಬಾರಿಯೂ ಕಳುಹಿಸಿದರು. ಪ್ರತಿ ಸಲವೂ ಉತ್ತರ ಅದೇ ಆಗಿತ್ತು.

ಈಗ ಸುಗಿಹಾರಾ ಅವರ ಮನಸ್ಸು ಇಬ್ಬಂದಿಗೆ ಸಿಲುಕಿತು. ಅವರು ಶಿಸ್ತಿಗೆ ಹೆಸರಾದ ಸರ್ಕಾರಿ ಅಧಿಕಾರಿ. ಮೇಲಿನವರ ಆಜ್ಞೆಯನ್ನು ಪಾಲಿಸುವುದು ಅವರ ವೃತ್ತಿಧರ್ಮ. ಅಂದಿನ ಜಪಾನಿನಲ್ಲಿ ಆಜ್ಞೋಲ್ಲಂಘನೆ ಸಾಮಾನ್ಯ ಅಪರಾಧವಾಗಿರಲಿಲ್ಲ. ಜಪಾನ್ ಜರ್ಮನಿಯೊಡನೆ ಸಖ್ಯ ಬೆಳೆಸುತ್ತಿದ್ದ ಕಾಲವದು. ನೌಕರಿ ಹೋಗಬಹುದು, ಹೆಂಡತಿ ಮಕ್ಕಳಿಗೆ ಅಪಾಯ ಒದಗಬಹುದು. ಮೂವರು ಎಳೆಯ ಮಕ್ಕಳಲ್ಲಿ ಕಿರಿಯವನು ಆ ವರ್ಷವೇ ಕೌನಾಸ್‌ನಲ್ಲಿ ಹುಟ್ಟಿದ ಕೂಸು. ಇತ್ತ ಬಾಗಿಲಲ್ಲಿ ನಿಂತವರನ್ನು ಬರಿಗೈಯಲ್ಲಿ ಕಳುಹಿಸಿದರೆ ಅವರ ಗತಿ ಏನೆಂಬುದೂ ಅವರಿಗೆ ತಿಳಿದಿತ್ತು. ನಿದ್ರೆಯಿಲ್ಲದ ರಾತ್ರಿಗಳನ್ನು ಕಳೆದು ಅವರು ಪತ್ನಿಯೊಡನೆ ಸಮಾಲೋಚಿಸಿದರು. ಯುಕಿಕೊ ಹಿಂಜರಿಯಲಿಲ್ಲ. ಬರುವ ಕಷ್ಟವನ್ನು ಇಬ್ಬರೂ ಹಂಚಿಕೊಳ್ಳುವುದೆಂದು ನಿಶ್ಚಯಿಸಿ, ಕೇಳಿದವರಿಗೆಲ್ಲ ವೀಸಾ ಕೊಡುವ ತೀರ್ಮಾನಕ್ಕೆ ದಂಪತಿಗಳು ಬಂದರು. ಸುಗಿಹಾರಾ ಅವರು ಮೊದಲು ಸೋವಿಯತ್ ಅಧಿಕಾರಿಗಳನ್ನು ಕಂಡು ಅವರ ಭಾಷೆಯಲ್ಲಿಯೇ ಮಾತನಾಡಿ, ತಾವು ಕೊಡುವ ವೀಸಾ ಹೊಂದಿದವರನ್ನು ರೈಲಿನಲ್ಲಿ ಹೋಗಗೊಡುವರೆಂಬುದನ್ನು ಖಚಿತಪಡಿಸಿಕೊಂಡರು. ಹಾರ್ಬಿನ್‌ನಲ್ಲಿ ಕಲಿತ ರಷ್ಯನ್ ಭಾಷೆ ಅಂದು ಸಾರ್ಥಕವಾಯಿತು.

ಜುಲೈ ತಿಂಗಳ ಕೊನೆಯಿಂದ ವೀಸಾ ಬರೆಯುವ ಕಾರ್ಯ ಭರದಿಂದ ಸಾಗಿತು. ಒಬ್ಬೊಬ್ಬರನ್ನೂ ಒಳಗೆ ಕರೆದು, ಹೆಸರು ಕೇಳಿ, ಪತ್ರಗಳನ್ನು ನೋಡಿ, ಜಪಾನಿ ಲಿಪಿಯಲ್ಲಿ ವೀಸಾದ ಒಕ್ಕಣೆಯನ್ನು ಕೈಯಿಂದಲೇ ಬರೆದು, ಸಹಿ ಮಾಡಿ, ಮುದ್ರೆ ಒತ್ತಿ, ಪಟ್ಟಿಯಲ್ಲಿ ಹೆಸರನ್ನು ದಾಖಲಿಸಬೇಕಾಗಿತ್ತು. ಮಾಮೂಲಿನ ದಿನಗಳಲ್ಲಿ ಕೆಲವೇ ವೀಸಾಗಳನ್ನು ಕೊಡುತ್ತಿದ್ದ ಆ ಚಿಕ್ಕ ಕಚೇರಿ ಈಗ ಒಂದೊಂದು ದಿನ ಇನ್ನೂರಕ್ಕೂ ಮೇಲ್ಪಟ್ಟು ವೀಸಾಗಳನ್ನು ಕೊಟ್ಟಿತು. ಸುಗಿಹಾರಾ ಅವರು ಬೆಳಗಿನಿಂದ ರಾತ್ರಿಯವರೆಗೆ ಕುರ್ಚಿಯಿಂದ ಏಳದೆ ಬರೆದರು. ಎಷ್ಟೋ ದಿನ ಮಧ್ಯಾಹ್ನದ ಊಟವನ್ನೂ ಬಿಟ್ಟರು. ಬೆರಳುಗಳು ಸೆಟೆದುಕೊಂಡವು, ಕಣ್ಣುಗಳು ಕೆಂಪಡರಿದವು. ರಾತ್ರಿ ಯುಕಿಕೊ ಅವರ ಕೈಯನ್ನು ನೀವಿ ನೋವನ್ನು ಶಮನಗೊಳಿಸುತ್ತಿದ್ದರು. ಬೆಳಗಾದರೆ ಮತ್ತೆ ಬಾಗಿಲಲ್ಲಿ ಅದೇ ಸಾಲು. ಆಗಸ್ಟ್ ಮಧ್ಯದಲ್ಲಿ ಟೋಕಿಯೋದಿಂದ ಎಚ್ಚರಿಕೆಯ ತಂತಿ ಬಂದಿತು. ಕೌನಾಸ್‌ನ ವೀಸಾ ಹಿಡಿದು ಬಂದ ಹಲವರಲ್ಲಿ ಹಣವೂ ಇಲ್ಲ, ಮುಂದಿನ ದೇಶದ ಒಪ್ಪಿಗೆಯೂ ಇಲ್ಲವೆಂಬುದು ಆಕ್ಷೇಪಣೆ. ಸುಗಿಹಾರಾ ಅವರ ಲೇಖನಿ ನಿಲ್ಲಲಿಲ್ಲ.

ಆಗಸ್ಟ್ ಕೊನೆಯಲ್ಲಿ ಕಚೇರಿಯನ್ನು ಮುಚ್ಚಲೇಬೇಕಾಯಿತು. ಸಂಸಾರದೊಡನೆ ಸುಗಿಹಾರಾ ಅವರು ನಗರದ ಹೋಟೆಲೊಂದಕ್ಕೆ ಹೋದರು. ನಿರಾಶ್ರಿತರು ಅಲ್ಲಿಗೂ ಹುಡುಕಿಕೊಂಡು ಬಂದರು. ಅವರು ಅಲ್ಲಿಯೂ ಬರೆದುಕೊಟ್ಟರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರ್ಲಿನ್ ರೈಲನ್ನು ಹತ್ತಲು ಬಂದಾಗ ನಿಲ್ದಾಣದಲ್ಲಿಯೂ ಜನ ಕಾದಿದ್ದರು. ಗಾಡಿಯ ಕಿಟಕಿಯಿಂದ ಕೈಚಾಚಿ, ಅದು ಚಲಿಸತೊಡಗುವವರೆಗೂ ಅವರು ಪತ್ರಗಳಿಗೆ ಸಹಿ ಹಾಕಿದರೆಂದು ಅಂದು ಅಲ್ಲಿದ್ದವರು ಸ್ಮರಿಸಿದ್ದಾರೆ. ವೀಸಾ ದೊರೆಯದೆ ಉಳಿದವರಿಗೆ ತಲೆಬಾಗಿ ಕ್ಷಮೆ ಬೇಡಿ ಅವರು ಕೌನಾಸನ್ನು ಬಿಟ್ಟರು.

ಅವರು ತಾವು ಮಾಡಿದ ಕಾರ್ಯವನ್ನು ಮರೆಮಾಚಲಿಲ್ಲವೆಂಬುದು ಗಮನಾರ್ಹ. ವೀಸಾ ಪಡೆದವರ ಪಟ್ಟಿಯನ್ನು ತಾವೇ ಇಲಾಖೆಗೆ ಸಲ್ಲಿಸಿದರು. ಅದರಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ. ಒಂದು ವೀಸಾದ ಮೇಲೆ ಇಡೀ ಸಂಸಾರ ಪ್ರಯಾಣ ಮಾಡಬಹುದಾಗಿದ್ದುದರಿಂದ ಅದರಿಂದ ಪ್ರಯೋಜನ ಪಡೆದವರ ಸಂಖ್ಯೆ ಇನ್ನೂ ದೊಡ್ಡದು. ಆರು ಸಾವಿರವೆಂದು ಹೇಳುವ ವಾಡಿಕೆಯಿದೆ. ಅದಕ್ಕಿಂತ ಕಡಿಮೆಯೆಂದು ಎಣಿಸುವ ಇತಿಹಾಸಕಾರರೂ ಇದ್ದಾರೆ.

ವೀಸಾ ಪಡೆದವರ ಪ್ರಯಾಣವೂ ಸುಲಭವಾಗಿರಲಿಲ್ಲ. ರೈಲಿನ ದರವನ್ನು ಅಮೆರಿಕದ ಡಾಲರುಗಳಲ್ಲಿ ತೆರಬೇಕಾಗಿತ್ತು. ಸೈಬೀರಿಯದ ಚಳಿಯಲ್ಲಿ ಹಲವು ದಿನ ಪಯಣಿಸಿ, ವ್ಲಾಡಿವಾಸ್ತಕ್‌ನಿಂದ ಚಿಕ್ಕ ಹಡಗುಗಳಲ್ಲಿ ಅಲೆಗಳ ಹೊಡೆತವನ್ನು ತಾಳಿಕೊಂಡು ಅವರು ಜಪಾನಿನ ತ್ಸುರುಗಾ ರೇವನ್ನು ಸೇರಿದರು. ಹಸಿದು ಬಂದ ಪರದೇಶಿಗಳಿಗೆ ಆ ಊರಿನ ಜನ ಹಣ್ಣುಗಳನ್ನು ಕೊಟ್ಟರು. ಸ್ನಾನಗೃಹದ ಒಡೆಯರೊಬ್ಬರು ಶುಲ್ಕವಿಲ್ಲದೆ ಬಾಗಿಲು ತೆರೆದರು. ಅಲ್ಲಿಂದ ಅವರು ಕೋಬೆ ನಗರಕ್ಕೆ ಹೋದರು. ಹಾದುಹೋಗುವ ವೀಸಾದ ಅಲ್ಪಾವಧಿ ಮುಗಿದಾಗ ಹೀಬ್ರೂ ಭಾಷೆಯ ವಿದ್ವಾಂಸರಾದ ಸೆತ್ಸುಜೊ ಕೊತ್ಸುಜಿ ಎಂಬ ಜಪಾನೀಯರು ಅಧಿಕಾರಿಗಳನ್ನು ಒಲಿಸಿಕೊಂಡು ಅದನ್ನು ವಿಸ್ತರಿಸುವಂತೆ ಮಾಡಿದರು. ಹಲವರು ಅಮೆರಿಕ ಮೊದಲಾದ ದೇಶಗಳಿಗೆ ತೆರಳಿದರು. ಉಳಿದವರನ್ನು 1941ರಲ್ಲಿ ಷಾಂಘೈ ನಗರಕ್ಕೆ ಸಾಗಿಸಲಾಯಿತು; ಮೀರ್‌ನ ಗುರುಶಿಷ್ಯರು ಅಲ್ಲಿಯೇ ಯುದ್ಧ ಮುಗಿಯುವವರೆಗೆ ಅಧ್ಯಯನ ನಡೆಸಿದರು. ಕ್ಯುರಸಾವ್ ದ್ವೀಪಕ್ಕೆ ಯಾರೂ ಹೋಗಲಿಲ್ಲವೆಂದೇ ಹೇಳಬಹುದು.

ಲಿಥುವೇನಿಯದಲ್ಲಿ ಉಳಿದವರ ಕಥೆ ದಾರುಣವಾದುದು. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಯುದ್ಧ ಸಾರಿತು. ಕೆಲವೇ ದಿನಗಳಲ್ಲಿ ಕೌನಾಸ್ ನಾಜಿಗಳ ವಶವಾಯಿತು. ಯುದ್ಧ ಮುಗಿಯುವ ವೇಳೆಗೆ ಆ ದೇಶದ ಯೆಹೂದ್ಯರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಜನ ಹತರಾಗಿದ್ದರು. ಸುಗಿಹಾರಾ ಅವರು ಬರೆದ ನಾಲ್ಕು ಸಾಲುಗಳ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಯುದ್ಧದ ಉಳಿದ ವರ್ಷಗಳಲ್ಲಿ ಸುಗಿಹಾರಾ ಅವರು ಪ್ರಾಗ್, ಕೋನಿಗ್ಸ್‌ಬರ್ಗ್ ಮತ್ತು ಬುಕಾರೆಸ್ಟ್ ನಗರಗಳಲ್ಲಿ ಸೇವೆ ಸಲ್ಲಿಸಿದರು. ರುಮೇನಿಯವನ್ನು ಪ್ರವೇಶಿಸಿದ ಸೋವಿಯತ್ ಸೈನ್ಯ ಅವರನ್ನು ಸಂಸಾರಸಮೇತ ಸುಮಾರು ಒಂದೂವರೆ ವರ್ಷ ಸೆರೆಯ ಶಿಬಿರದಲ್ಲಿ ಇರಿಸಿತು. ಬಿಡುಗಡೆ ಹೊಂದಿ, ತಾವು ವೀಸಾ ಕೊಟ್ಟವರು ಹೋಗಿದ್ದ ಅದೇ ಸೈಬೀರಿಯದ ದಾರಿಯಿಂದ ಅವರು 1947ರಲ್ಲಿ ತಾಯ್ನಾಡಿಗೆ ಮರಳಿದರು. ಅಲ್ಲಿ ಅವರಿಗೆ ಕಾದಿದ್ದುದು ರಾಜೀನಾಮೆ ನೀಡಬೇಕೆಂಬ ಸೂಚನೆ. ನೌಕರರ ಸಂಖ್ಯೆಯನ್ನು ಕಡಿಮೆ ಮಾಡುವುದಕ್ಕಾಗಿ ಹೀಗೆ ಮಾಡಿದುದಾಗಿ ಇಲಾಖೆ ಕಾರಣ ಕೊಟ್ಟಿತು. ಕೌನಾಸ್‌ನ ಆಜ್ಞೋಲ್ಲಂಘನೆಯೇ ನಿಜವಾದ ಕಾರಣವೆಂದು ಅವರ ಕುಟುಂಬ ನಂಬಿತ್ತು. ಅದೇ ವರ್ಷ, ಕೌನಾಸ್‌ನಲ್ಲಿ ಹುಟ್ಟಿದ್ದ ಮಗ ಏಳನೆಯ ವಯಸ್ಸಿನಲ್ಲಿ ತೀರಿಕೊಂಡ. ಇಪ್ಪತ್ತು ವರ್ಷಗಳಿಗೂ ಮೀರಿದ ಸೇವೆಯ ಅನಂತರ ಬೀದಿಗೆ ಬಿದ್ದ ಅವರು ಹೊಟ್ಟೆಪಾಡಿಗಾಗಿ ಸಿಕ್ಕಿದ ಕೆಲಸಗಳನ್ನೆಲ್ಲ ಮಾಡಿದರು. ಮನೆಮನೆಗೆ ತಿರುಗಿ ವಿದ್ಯುದ್ದೀಪಗಳನ್ನೂ ಮಾರಿದರೆಂದು ಹೇಳುತ್ತಾರೆ. ಆಮೇಲೆ ರಷ್ಯನ್ ಭಾಷೆ ಮತ್ತೊಮ್ಮೆ ಕೈಹಿಡಿಯಿತು. 1960ರಿಂದ ವ್ಯಾಪಾರ ಸಂಸ್ಥೆಯೊಂದರ ಪ್ರತಿನಿಧಿಯಾಗಿ ಅವರು ಸಂಸಾರವನ್ನು ಜಪಾನಿನಲ್ಲಿ ಬಿಟ್ಟು ಮಾಸ್ಕೋದಲ್ಲಿ ಅನೇಕ ವರ್ಷ ದುಡಿದರು. ಕೌನಾಸ್‌ನ ಸಂಗತಿಯನ್ನು ಅವರು ಯಾರೊಡನೆಯೂ ಹೇಳಿಕೊಂಡವರಲ್ಲ.

ಉಪಕೃತರಾದವರು ಮಾತ್ರ ಅವರನ್ನು ಮರೆತಿರಲಿಲ್ಲ. ಬಹುಕಾಲ ಹುಡುಕಿದ ಮೇಲೆ 1968ರಲ್ಲಿ, ಟೋಕಿಯೋದ ಇಸ್ರೇಲಿ ರಾಯಭಾರ ಕಚೇರಿಯ ಅಧಿಕಾರಿ ಯೆಹೋಷುವಾ ನಿಶ್ರಿ ಅವರನ್ನು ಪತ್ತೆಹಚ್ಚಿದರು. ನಿಶ್ರಿ ಅವರೂ ಕೌನಾಸ್‌ನ ಆ ಸಾಲಿನಲ್ಲಿ ನಿಂತು ವೀಸಾ ಪಡೆದವರು. ಮರುವರ್ಷ ಸುಗಿಹಾರಾ ಇಸ್ರೇಲಿಗೆ ಹೋದಾಗ ಅವರನ್ನು ಬರಮಾಡಿಕೊಂಡವರು ಸಚಿವ ವಾರ್ಹಾಫ್ಟಿಗ್. ಟೋಕಿಯೋದ ಅನುಮತಿಯಿಲ್ಲದೆಯೇ ಆ ವೀಸಾಗಳನ್ನು ಕೊಡಲಾಗಿತ್ತೆಂಬ ಸಂಗತಿ ವಾರ್ಹಾಫ್ಟಿಗ್ ಅವರಿಗೆ ತಿಳಿದುದು ಆಗಲೇ. ಯೆಹೂದ್ಯರನ್ನು ರಕ್ಷಿಸಿದ ಅನ್ಯಜನಾಂಗದ ಸತ್ಪುರುಷರಿಗೆ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ನೀಡುವ ಪರಮೋಚ್ಚ ಗೌರವವನ್ನು 1985ರ ಜನವರಿಯಲ್ಲಿ ಸುಗಿಹಾರಾ ಅವರಿಗೆ ಸಲ್ಲಿಸಲಾಯಿತು. ಅವರು ಹಾಸಿಗೆ ಹಿಡಿದಿದ್ದುದರಿಂದ ಪತ್ನಿ ಮತ್ತು ಮಗ ಅದನ್ನು ಸ್ವೀಕರಿಸಿದರು. 1986ರ ಜುಲೈ 31ರಂದು ಅವರು ನಿಧನರಾದರು. ಅಂತ್ಯಕ್ರಿಯೆಗೆ ಇಸ್ರೇಲಿನ ರಾಯಭಾರಿ ಮೊದಲಾದ ಗಣ್ಯರು ಬಂದುದನ್ನು ಕಂಡ ಮೇಲೆಯೇ, ತಮ್ಮ ನಡುವೆ ಬಾಳಿದ ಆ ಮಿತಭಾಷಿ ವೃದ್ಧರು ಎಂಥವರೆಂಬುದು ನೆರೆಹೊರೆಯ ಎಷ್ಟೋ ಜನರಿಗೆ ತಿಳಿಯಿತು.

ಜಪಾನ್ ಸರ್ಕಾರ 2000ದಲ್ಲಿ, ಅವರ ಜನ್ಮಶತಾಬ್ದಿಯ ವರ್ಷದಲ್ಲಿ, ತನ್ನ ವಿದೇಶಾಂಗ ಸಚಿವರ ಮೂಲಕ ಅವರ ಕುಟುಂಬದ ಮುಂದೆ ವಿಷಾದ ವ್ಯಕ್ತಪಡಿಸಿ ಅವರ ಕೀರ್ತಿಗೆ ಅಂಟಿದ್ದ ಕಳಂಕವನ್ನು ತೊಡೆಯಿತು. ಕೌನಾಸ್‌ನ ಆ ಮನೆ ಸ್ಮಾರಕವಾಗಿದೆ. ಲಿಥುವೇನಿಯದ ರಾಜಧಾನಿಯಲ್ಲಿ ಒಂದು ಬೀದಿಗೆ ಅವರ ಹೆಸರನ್ನು ಇಟ್ಟಿದ್ದಾರೆ.

ಆ ಘೋರ ಕಾಲದಲ್ಲಿ ಇಂತಹ ಧೈರ್ಯ ತೋರಿದವರು ಸುಗಿಹಾರಾ ಒಬ್ಬರೇ ಅಲ್ಲ. ಅದೇ 1940ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಪೋರ್ಚುಗಲ್ ದೇಶದ ಕಾನ್ಸಲ್ ಅರಿಸ್ಟಿಡೆಸ್ ದೆ ಸೌಸಾ ಮೆಂಡೆಸ್ ತಮ್ಮ ಸರ್ಕಾರದ ಆಜ್ಞೆಯನ್ನು ಮೀರಿ ಸಾವಿರಾರು ನಿರಾಶ್ರಿತರಿಗೆ ವೀಸಾ ಕೊಟ್ಟರು. ಅಧಿಕಾರವನ್ನು ಕಳೆದುಕೊಂಡು ಬಡತನದಲ್ಲಿ ಬೆಂದು 1954ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ವಿಯೆನ್ನಾ ನಗರದಲ್ಲಿ ಚೀನಾ ದೇಶದ ಕಾನ್ಸಲ್ ಜನರಲ್ ಆಗಿದ್ದ ಹೋ ಫೆಂಗ್‌ಶಾನ್ ಹಾಗೆಯೇ ಅಸಂಖ್ಯ ಯೆಹೂದ್ಯರಿಗೆ ನೆರವಾದರು. ಇವರ ಬಳಿ ಸೈನ್ಯವಿರಲಿಲ್ಲ, ಸಂಪತ್ತಿರಲಿಲ್ಲ. ಸರ್ಕಾರ ನಿತ್ಯದ ಕೆಲಸಕ್ಕೆಂದು ಕೊಟ್ಟ ಲೇಖನಿ ಮತ್ತು ಮುದ್ರೆಗಳಷ್ಟೇ ಇದ್ದವು.

ನಿಯಮಗಳು ಸಮಾಜದ ನೆಮ್ಮದಿಗೆ ಅವಶ್ಯಕ. ಗಡಿಗಳನ್ನು ಕಾಯುವುದೂ ಅರ್ಜಿಗಳನ್ನು ಪರಿಶೀಲಿಸುವುದೂ ಅಧಿಕಾರಿಯ ಹೊಣೆಯೇ ಸರಿ. ಸುಗಿಹಾರಾ ಅವರು ಈ ಹೊಣೆಯನ್ನು ಹಗುರವಾಗಿ ಕಂಡವರಲ್ಲ. ಮೂರು ಬಾರಿ ಅನುಮತಿ ಬೇಡಿದವರು, ಕೊಟ್ಟ ಪ್ರತಿಯೊಂದು ವೀಸಾಕ್ಕೂ ಲೆಕ್ಕವಿಟ್ಟವರು. ಆದರೆ ನಿಯಮದ ಪಾಲನೆ ನಿರಪರಾಧಿಗಳ ಸಾವಿಗೆ ದಾರಿಯಾಗುವ ಗಳಿಗೆ ಬಂದಾಗ, ಆಜ್ಞೆಯ ಹಿಂದೆ ಅಡಗಿ ಕುಳಿತುಕೊಳ್ಳಲು ಅವರು ಒಪ್ಪಲಿಲ್ಲ. ಅದರ ಫಲವನ್ನು ತಾವೇ ಉಂಡರು, ದೂರಲಿಲ್ಲ. ಅವರು ಉಳಿಸಿದವರ ಮಕ್ಕಳು, ಮೊಮ್ಮಕ್ಕಳು ಇಂದು ಹಲವು ದೇಶಗಳಲ್ಲಿ ಬಾಳುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಜಪಾನಿ ಅಕ್ಷರಗಳಿರುವ ಹಳೆಯ ಕಾಗದವೊಂದನ್ನು ಮನೆತನದ ಆಸ್ತಿಯಂತೆ ಜೋಪಾನವಾಗಿ ಇರಿಸಿಕೊಂಡಿದ್ದಾರೆ.